ಗಂಗೆದೊಗಲಿಲ್ಲದ ಹಸು ಅಥವಾ ಆ್ಯಂಟಿವೈರಸ್ ಲಕ್ಷಣ ವಿಚಾರ

ಮನೆಯ ಕಂಪ್ಯೂಟರಿಗೆ ಯಾವ ಆ್ಯಂಟಿವೈರಸ್ ಒಳ್ಳೆಯದು ಎಂಬ ಪ್ರಶ್ನೆಗೆ ಎಸ್.ಪಿ. ರಸ್ತೆಯ ಅಂಗಡಿಯವರಿಂದ ಹಿಡಿದು ಬಿ.ಇ. ಓದುತ್ತಿರುವ ಪಕ್ಕದ ಮನೆಯ ಹುಡುಗನವರೆಗೆ ಎಲ್ಲರೂ ಉತ್ತರ ಕೊಟ್ಟಾಗಿದೆ. ಆ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಕೊರಗಬೇಕಿಲ್ಲ. ಶಾಸ್ತ್ರದಲ್ಲಿ ಮತಭೇದ ಸಹಜ. ದೋಷವಿರುವುದು ಕ್ರಮದಲ್ಲಿ. ಯಾವುದೇ ಪದಾರ್ಥವನ್ನು ಮೊದಲು ಹೆಸರಿಸಬೇಕು, ಆಮೇಲೆ ಅದರ ಲಕ್ಷಣ ಹೇಳಬೇಕು, ಕೊನೆಗೆ ಆ ಲಕ್ಷಣ ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು ಎಂದು ನೈಯಾಯಿಕರು ದಾರಿ ಹಾಕಿಕೊಟ್ಟಿದ್ದಾರೆ. ನಮ್ಮ ಗೃಹಸ್ಥರು ಮೊದಲು ದುಡ್ಡು ಕೊಡುತ್ತಾರೆ, ಆಮೇಲೆ ಸಿಸ್ಟಂ ಸ್ಲೋ ಆಯಿತೆಂದು ಬೈಯುತ್ತಾರೆ. ಕೊಂಡದ್ದರ ಹೆಸರೇನೆಂದು ಅವರಿಗೆ ತಿಳಿಯುವುದು ಮರುವರ್ಷ ರಿನ್ಯೂವಲ್ ನೋಟೀಸು ಬಂದಾಗ. ತರ್ಕದ ಪಾಠಶಾಲೆಗಳಲ್ಲಿ ಲಕ್ಷಣ ವಿಚಾರಕ್ಕೆ ಹಸುವನ್ನು ತಂದು ನಿಲ್ಲಿಸುವುದು ವಾಡಿಕೆ. ಕೊಂಬಿರುವುದೇ ಹಸು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಅದು ಅತಿವ್ಯಾಪ್ತಿ. ಕಪಿಲ ಬಣ್ಣದ್ದೇ ಹಸು ಎಂದರೆ ಬಿಳಿಯ ಹಸು ಹೊರಗೆ ಉಳಿಯುತ್ತದೆ, ಅದು ಅವ್ಯಾಪ್ತಿ. ಕೊರಳ ಕೆಳಗೆ ಜೋಲುವ ಗಂಗೆದೊಗಲಿರುವುದು ಹಸು ಎಂದಾಗ ಪಂಡಿತರು ಸಮಾಧಾನದಿಂದ ಊಟಕ್ಕೇಳುತ್ತಾರೆ. ಈ ಪ್ರಬಂಧದ ಪ್ರತಿಜ್ಞೆ ಇಷ್ಟು: ಆ್ಯಂಟಿವೈರಸ್ಸಿಗೆ ಗಂಗೆದೊಗಲಿಲ್ಲ. ಅದನ್ನು ನೋಡಿ ಗುರುತಿಸಲು ಬರುವುದಿಲ್ಲ. ಎಲ್ಲಿಂದ ಬಂತು, ಯಾರು ಕರೆತಂದರು ಎಂದು ವಿಚಾರಿಸಿದರೆ ಮಾತ್ರ ಅದು ವೈರಸ್ಸಿನಿಂದ ಬೇರೆಯೆಂದು ಸಿದ್ಧವಾಗುತ್ತದೆ.

ಕಣ್ಣಿಗೆ ಕಾಣುವ ಲಕ್ಷಣಗಳನ್ನೇ ಮೊದಲು ಎತ್ತಿಕೊಳ್ಳೋಣ. ಯಾವುದು ಕರೆಯದೆಯೇ ಕಂಪ್ಯೂಟರಿನೊಂದಿಗೆ ಎದ್ದು ಕೂರುತ್ತದೋ, ಎಲ್ಲ ಫೈಲುಗಳನ್ನೂ ತೆರೆದು ನೋಡುತ್ತದೋ, ಮೆಮೊರಿಯಲ್ಲಿ ದೊಡ್ಡ ಪಾಲು ಕೇಳುತ್ತದೋ, ದೂರದೇಶದ ಸರ್ವರಿನೊಡನೆ ಗುಟ್ಟಾಗಿ ಮಾತಾಡುತ್ತದೋ, ಕಿತ್ತುಹಾಕಲು ಹೋದರೆ ಜಗ್ಗದೆ ಕೂರುತ್ತದೋ, ಅದು ವೈರಸ್. ಈ ವಾಕ್ಯದಲ್ಲಿ ಒಂದಕ್ಷರವನ್ನೂ ಬದಲಿಸದೆ ಕೊನೆಯ ಪದವನ್ನು ಮಾತ್ರ ಆ್ಯಂಟಿವೈರಸ್ ಎಂದು ತಿದ್ದಿದರೂ ಅದು ಅಷ್ಟೇ ನಿಜ. ಕಿತ್ತುಹಾಕುವ ವಿಷಯದಲ್ಲಂತೂ ಆ್ಯಂಟಿವೈರಸ್ ಒಂದು ಕೈ ಮೇಲೆ: ಸಾಮಾನ್ಯ ಅನ್‌ಇನ್‌ಸ್ಟಾಲ್‌ಗೆ ಬಗ್ಗದ ತಮ್ಮ ಸಾಫ್ಟ್‌ವೇರನ್ನು ತೆಗೆಯಲು ಕಂಪನಿಗಳೇ ಪ್ರತ್ಯೇಕ ಸಾಧನವನ್ನು ತಯಾರಿಸಿ ಹಂಚುತ್ತವೆ. ಹಣ ಕೇಳುವುದನ್ನು ಭೇದಕ ಲಕ್ಷಣವಾಗಿ ಹಿಡಿಯೋಣವೆಂದರೆ, 2017ರ ಮೇ 12ರಂದು ಜಗತ್ತಿಗೆಲ್ಲ ಹಬ್ಬಿದ ವಾನಾಕ್ರೈ ಅಡ್ಡ ಬರುತ್ತದೆ. ಅದು ಫೈಲುಗಳಿಗೆ ಬೀಗ ಹಾಕಿ 300 ಡಾಲರ್ ಕೇಳಿತು, ಮೂರು ದಿನ ಕಳೆದರೆ ಮೊತ್ತ ದುಪ್ಪಟ್ಟು ಎಂದು ಪರದೆಯ ಮೇಲೆ ಗಡಿಯಾರ ಸಮೇತ ತಿಳಿಸಿತು. ಮೊದಲ ವರ್ಷ ರಿಯಾಯಿತಿ ತೋರಿಸಿ ಎರಡನೆಯ ವರ್ಷ ಪೂರ್ತಿ ದರವನ್ನು ಕಾರ್ಡಿನಿಂದ ತಾನಾಗಿಯೇ ಎಳೆದುಕೊಳ್ಳುವ ಪದ್ಧತಿಗೆ ಹೋಲಿಸಿದರೆ ವಾನಾಕ್ರೈನ ನಡತೆಯಲ್ಲಿ ಪಾರದರ್ಶಕತೆ ಹೆಚ್ಚೆಂದೇ ಹೇಳಬೇಕು. ಅದರ ಬೇಡಿಕೆ ಪತ್ರ 28 ಭಾಷೆಗಳಲ್ಲಿ ಲಭ್ಯವಿತ್ತು. ಕನ್ನಡ ಅದರಲ್ಲಿರಲಿಲ್ಲ, ಈ ಬಗ್ಗೆ ನಮ್ಮಲ್ಲಿ ಒಂದು ಖಂಡನಾ ನಿರ್ಣಯವೂ ಹೊರಡಲಿಲ್ಲವೆಂಬುದು ವಿಷಾದದ ಸಂಗತಿ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ವೈರಸ್ ಕೆಡಿಸುತ್ತದೆ, ಆ್ಯಂಟಿವೈರಸ್ ಕಾಯುತ್ತದೆ. ಫಲವೇ ಲಕ್ಷಣ, ಇದರಲ್ಲಿ ಗೊಂದಲವೇನು ಎಂಬುದು ಅವರ ವಾದ. ಕೇಳಲು ಚೆನ್ನಾಗಿದೆ, ಆದರೆ ಇತಿಹಾಸ ಇದಕ್ಕೆ ಒಪ್ಪುವುದಿಲ್ಲ. ಪಿ.ಸಿ.ಗಳ ಆದಿ ವೈರಸ್ಸೆಂದು ಹೇಳಲಾಗುವ ಬ್ರೇನ್ 1986ರಲ್ಲಿ ಲಾಹೋರಿನಿಂದ ಹೊರಟಿತು. ಬರೆದವರು ಬಾಸಿತ್ ಮತ್ತು ಅಮ್ಜದ್ ಎಂಬ ಅಣ್ಣತಮ್ಮಂದಿರು. ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ ಅವರು ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲವನ್ನೂ ಬರೆದಿಟ್ಟಿದ್ದರು. ಅದು ಫ್ಲಾಪಿಯ ಹೆಸರನ್ನು ಬದಲಿಸುತ್ತಿತ್ತು, ಸ್ವಲ್ಪ ನಿಧಾನ ಮಾಡುತ್ತಿತ್ತು, ಅಷ್ಟೆ. ಇಂದಿನ ಕಸ್ಟಮರ್ ಕೇರ್‌ಗಳಿಗೆ ಹೋಲಿಸಿದರೆ ಇದು ಆದರ್ಶ ಸೇವೆ. ಈಗ ಇನ್ನೊಂದು ಮಗ್ಗುಲು ನೋಡಿ. 2010ರ ಏಪ್ರಿಲ್ 21ರಂದು ಮೆಕಾಫಿ ಆ್ಯಂಟಿವೈರಸ್ಸಿನ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಜೀವಾಳವಾದ ಎಸ್‌ವಿಸಿಹೋಸ್ಟ್ ಎಂಬ ಫೈಲನ್ನೇ ವೈರಸ್ಸೆಂದು ತಿಳಿದು ಹಿಡಿದುಹಾಕಿತು. ಕಂಪ್ಯೂಟರುಗಳು ಎದ್ದು ಬಿದ್ದು ಮತ್ತೆ ಎದ್ದು ಬೀಳತೊಡಗಿದವು. 2024ರ ಜುಲೈ 19ರಂದು ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ದೋಷಪೂರ್ಣ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ಹೊದ್ದು ಮಲಗಿದವು, ವಿಮಾನಗಳು ನಿಂತವು. (ಅದು ಕಚೇರಿಗಳ ಸರಕಾದ್ದರಿಂದ ಮನೆಗಳು ಬಚಾವಾದವು.) ಇಷ್ಟು ಯಂತ್ರಗಳನ್ನು ಒಂದೇ ಬೆಳಗ್ಗೆ ಕೆಡವಿದ ಹೆಗ್ಗಳಿಕೆ ಅನೇಕ ವೈರಸ್ಸುಗಳಿಗೂ ಇಲ್ಲ. ಹೀಗೆ ಕೆಡಿಸುವಿಕೆಯೆಂಬ ಲಕ್ಷಣ ಬ್ರೇನ್‌ನಲ್ಲಿ ಅವ್ಯಾಪ್ತಿಗೂ ಕ್ರೌಡ್‌ಸ್ಟ್ರೈಕ್‌ನಲ್ಲಿ ಅತಿವ್ಯಾಪ್ತಿಗೂ ಏಕಕಾಲಕ್ಕೆ ಸಿಕ್ಕಿಬೀಳುತ್ತದೆ.

ಹೊರಲಕ್ಷಣ ಬೇಡ, ಒಳಗಿನ ಕೋಡನ್ನೇ ಓದಿ ತೀರ್ಪು ಕೊಡುವ ಒಬ್ಬ ಸರ್ವಜ್ಞ ಪ್ರೋಗ್ರಾಮನ್ನು ಬರೆದರಾಯಿತಲ್ಲ ಎಂದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ 1984ರಲ್ಲೇ ಸಿಕ್ಕಿದೆ. ಫ್ರೆಡ್ ಕೋಹೆನ್ ಎಂಬ ಅಮೆರಿಕನ್ ಸಂಶೋಧಕ ತೋರಿಸಿದ ಯುಕ್ತಿ ನೈಯಾಯಿಕ ಉದಯನಾಚಾರ್ಯರಿಗೂ ಹಿಡಿಸುತ್ತಿತ್ತು. ಅಂಥ ಸರ್ವಜ್ಞನೊಬ್ಬ ಇದ್ದಾನೆಂದೇ ಇಟ್ಟುಕೊಳ್ಳಿ. ಒಂದು ಪ್ರೋಗ್ರಾಮು ಅವನ ಬಳಿಗೆ ಹೋಗಿ, ಸ್ವಾಮೀ, ನಾನು ವೈರಸ್ಸೇ ಎಂದು ಕೇಳುತ್ತದೆ. ಹೌದೆಂದರೆ ಅದು ಸುಮ್ಮನೆ ಕೂರುತ್ತದೆ, ಯಾರಿಗೂ ಹರಡುವುದಿಲ್ಲ. ಅಲ್ಲವೆಂದರೆ ತಕ್ಷಣ ಹರಡತೊಡಗುತ್ತದೆ. ಯಾವ ಉತ್ತರ ಕೊಟ್ಟರೂ ಸರ್ವಜ್ಞನ ಮಾತು ಸುಳ್ಳಾಗುತ್ತದೆ, ವ್ಯಾಘಾತ ದೋಷ. ಆದ್ದರಿಂದ ಎಲ್ಲ ವೈರಸ್ಸುಗಳನ್ನೂ ತಪ್ಪಿಲ್ಲದೆ ಗುರುತಿಸುವ ಪ್ರೋಗ್ರಾಮು ಇರಲಾರದು, ಅದರ ಡಬ್ಬದ ಮೇಲೆ ನೂರಕ್ಕೆ ನೂರು ರಕ್ಷಣೆ ಎಂದು ಎಷ್ಟೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದರೂ. ಹಾಗಾದರೆ ನಿಜವಾದ ಆ್ಯಂಟಿವೈರಸ್ಸುಗಳು ಮಾಡುವುದೇನು? ಒಂದು, ಹಿಂದೆ ಸಿಕ್ಕಿಬಿದ್ದವರ ಪಟ್ಟಿ ಇಟ್ಟುಕೊಂಡು ಮುಖ ನೋಡುತ್ತವೆ. ದಿನವೂ ಅಪ್‌ಡೇಟ್ ಬರುವುದು ಆ ಪಟ್ಟಿಗೆ. ಇನ್ನೊಂದು, ನಡತೆ ನೋಡಿ ಸಂಶಯಪಡುತ್ತವೆ. ಮೊದಲನೆಯದು ಸ್ಮೃತಿ, ಎರಡನೆಯದು ಅನುಮಾನ. ಪ್ರತ್ಯಕ್ಷ ಜ್ಞಾನವೆಂಬುದು ಅವಕ್ಕೂ ಇಲ್ಲ. ಬೇಕಿದ್ದರೆ ಐಕಾರ್ ಫೈಲನ್ನು ನೋಡಿ. ಅದು 68 ಬೈಟ್‌ಗಳ ಒಂದು ಸಾಲು. ಯಾರಿಗೂ ಏನೂ ಮಾಡದು. ಆದರೂ ಎಲ್ಲ ಆ್ಯಂಟಿವೈರಸ್ಸುಗಳೂ ಅದನ್ನು ಕಂಡೊಡನೆ ಬೊಬ್ಬೆ ಹಾಕುತ್ತವೆ, ಏಕೆಂದರೆ ಕಾವಲು ಎಚ್ಚರವಾಗಿದೆಯೇ ಎಂದು ಪರೀಕ್ಷಿಸಲು ಅದನ್ನು ವೈರಸ್ಸೆಂದು ಕರೆಯೋಣ ಎಂದು ಎಲ್ಲರೂ ಸೇರಿ ಒಪ್ಪಿಕೊಂಡಿದ್ದಾರೆ. ಬರಿಯ ಒಡಂಬಡಿಕೆಯಿಂದಲೇ ವೈರಸ್ಸಾದ ಪದಾರ್ಥವೊಂದು ಇರುವಾಗ ಸ್ವರೂಪಲಕ್ಷಣದ ಮಾತು ಇನ್ನೆಲ್ಲಿ?

ಮನುಷ್ಯರ ಪ್ರತ್ಯಕ್ಷವಂತೂ ಇದಕ್ಕಿಂತ ಕಡೆ. 2000ದ ಮೇ 4ರಂದು ಫಿಲಿಪೀನ್ಸ್‌ನಿಂದ ಹೊರಟ ಪ್ರೇಮಪತ್ರದ ಈಮೇಲಿಗೆ ಅಂಟಿಕೊಂಡಿದ್ದ ಫೈಲು ನೋಡುವವರಿಗೆ ಸಾಧಾರಣ ಟೆಕ್ಸ್ಟ್ ಫೈಲಿನಂತೆ ಕಾಣುತ್ತಿತ್ತು. ಹೆಸರಿನ ಕೊನೆಯಲ್ಲಿದ್ದ ವಿಬಿಎಸ್ ಎಂಬ ನಿಜವಾದ ಬಾಲವನ್ನು ವಿಂಡೋಸ್ ತಾನಾಗಿಯೇ ಮುಚ್ಚಿಟ್ಟಿತ್ತು. ನೋಡಿದವರು ಕಣ್ಣನ್ನು ನಂಬಿ ಒತ್ತಿದರು. 2008ರ ಸುಮಾರಿಗೆ ಮೆರೆದ ನಕಲಿ ಆ್ಯಂಟಿವೈರಸ್ಸುಗಳು ಇನ್ನೂ ಮುಂದೆ ಹೋದವು: ಕೆಂಪು ಗುರಾಣಿ, ಓಡುವ ಪಟ್ಟಿ, ಕ್ಷಣಾರ್ಧದಲ್ಲಿ ರಾಶಿ ರಾಶಿ ವೈರಸ್ಸು ಸಿಕ್ಕ ವರದಿ. ನಿಜವಾದದ್ದು ಪೂರ್ತಿ ಸ್ಕ್ಯಾನಿಗೆ ಗಂಟೆಗಟ್ಟಲೆ ತೆಗೆದುಕೊಂಡು ಕೊನೆಗೆ ಏನೂ ಸಿಗಲಿಲ್ಲ ಎನ್ನುತ್ತದೆ. ದುಡ್ಡಿಗೆ ತಕ್ಕ ಕೆಲಸ ಯಾವುದು ಮಾಡಿತೆಂದು ಕೇಳಿದರೆ ಮನೆಮಂದಿ ನಕಲಿಗೇ ಮತ ಹಾಕುತ್ತಾರೆ.

ಆದ್ದರಿಂದ ಸಿದ್ಧಾಂತ: ಇಲ್ಲಿ ಉಳಿಯುವುದು ಶಬ್ದಪ್ರಮಾಣ, ಅಂದರೆ ಆಪ್ತವಾಕ್ಯ, ನಂಬತಕ್ಕವರ ಮಾತು. ಪ್ರೋಗ್ರಾಮಿನ ಗುಣವನ್ನು ಕೇಳಬಾರದು, ಗೋತ್ರ ಕೇಳಬೇಕು. ಡಿಜಿಟಲ್ ಸಹಿ ಎಂದರೆ ಇದೇ. ಇದನ್ನು ಮಾಡಿದವರು ಇಂಥವರು, ದಾರಿಯಲ್ಲಿ ಯಾರೂ ಕೈಯಾಡಿಸಿಲ್ಲ ಎಂಬುದರ ಗಣಿತದ ಪ್ರಮಾಣಪತ್ರ. ಈ ದೃಷ್ಟಿಯಿಂದ ಆಯ್ಕೆ ಸುಲಭ. ವಿಂಡೋಸ್ ಬಳಸುವ ಮನೆಗೆ 2012ರ ವಿಂಡೋಸ್ 8ರಿಂದೀಚೆಗೆ ಡಿಫೆಂಡರ್ ಎಂಬ ಆ್ಯಂಟಿವೈರಸ್ ಒಳಗೇ ಇದೆ. ವಿಂಡೋಸನ್ನೇ ನಂಬಿ ಕೂತವರಿಗೆ ಅದೇ ಗೋತ್ರದ ಡಿಫೆಂಡರನ್ನು ನಂಬಲು ಹೊಸದಾಗಿ ಧೈರ್ಯ ಬೇಕಿಲ್ಲ, ಹೆಚ್ಚಿನ ಮನೆಗಳಿಗೆ ಅದು ಸಾಕು. ಬೇರೆಯೇ ಬೇಕೆಂದರೆ ಪುಣೆಯ ಕ್ವಿಕ್ ಹೀಲ್ ಇದೆ, ಚೆನ್ನೈನ ಕೆ7 ಇದೆ, ಹೊರದೇಶದವೂ ಬೇಕಾದಷ್ಟಿವೆ. ತಯಾರಕರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ಜರ್ಮನಿಯ ಮಾಗ್ಡೆಬರ್ಗ್‌ನ ಎವಿ-ಟೆಸ್ಟ್, ಆಸ್ಟ್ರಿಯದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರಟಿವ್ಸ್ ಇವನ್ನೆಲ್ಲ ಕಾಲಕಾಲಕ್ಕೆ ಪರೀಕ್ಷಿಸಿ ಅಂಕ ಹಾಕುತ್ತವೆ. ಅಲ್ಲಿ ಎಷ್ಟು ವೈರಸ್ ಹಿಡಿಯಿತು ಎಂಬ ಕಾಲಮ್ಮಿನ ಜೊತೆಗೆ ಎಷ್ಟು ನಿರಪರಾಧಿಗಳನ್ನು ಹಿಡಿಯಿತು ಎಂಬ ಕಾಲಮ್ಮನ್ನೂ ಓದಬೇಕು; ನಮ್ಮ ಜನ ಓದುವುದು ಮೊದಲನೆಯದನ್ನು ಮಾತ್ರ. ಒಂದಕ್ಕಿಂತ ಎರಡು ಹಾಕಿಕೊಂಡರೆ ಎರಡು ಪಟ್ಟು ಭದ್ರ ಎನ್ನುವವರಿಗೆ ಉತ್ತರ ಚಿಕ್ಕದು: ತೆರೆದ ಪ್ರತಿ ಫೈಲನ್ನೂ ಇಬ್ಬರು ಹಿಡಿದೆಳೆಯುತ್ತಾರೆ, ಒಬ್ಬರ ಪಟ್ಟಿ ಇನ್ನೊಬ್ಬರಿಗೆ ವೈರಸ್ಸಿನಂತೆ ಕಂಡರೂ ಕಂಡೀತು. ಇನ್ನೊಂದು ಬಂದು ಕೂತರೆ ಡಿಫೆಂಡರ್ ತಾನೇ ಎದ್ದು ಜಾಗ ಬಿಡುವುದೂ ಇದಕ್ಕೇ. ವಿಂಡೋಸೇ ಏಕೆ ಎಂಬ ಲಿನಕ್ಸ್ ಪಂಥದವರ ಆಕ್ಷೇಪಕ್ಕೆ ಉತ್ತರಿಸಹೊರಟರೆ ಈ ಪ್ರಬಂಧ ಮುಗಿಯುವುದಿಲ್ಲ.

ಗೋತ್ರ ಒಳ್ಳೆಯದಿದ್ದ ಮಾತ್ರಕ್ಕೆ ನಡತೆಯೂ ಒಳ್ಳೆಯದಿರಬೇಕೇ ಎಂಬ ಪ್ರಶ್ನೆಯನ್ನು ಮಾತ್ರ ಹಾರಿಸಲಾಗದು. ಅವಾಸ್ಟ್ ಹೆಸರಾಂತ ಮನೆತನ. ಅದು ತನ್ನ ಬಳಕೆದಾರರು ಎಲ್ಲೆಲ್ಲಿ ಬ್ರೌಸ್ ಮಾಡಿದರೆಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು 2020ರಲ್ಲಿ ಬಯಲಾಯಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1 ಕೋಟಿ 65 ಲಕ್ಷ ಡಾಲರ್ ಕಟ್ಟಿಸಿತು. ಇದರಿಂದ ಸಿದ್ಧಾಂತ ಬೀಳಲಿಲ್ಲ. ಆ ಸಾಫ್ಟ್‌ವೇರ್ ಮಾಹಿತಿ ಮಾರುತ್ತಿದ್ದಾಗಲೂ ಮೊದಲಿನಂತೆಯೇ ಕಾಣುತ್ತಿತ್ತು. ಗೊತ್ತಾದದ್ದು ಹೊರಗಿನಿಂದ, ಪತ್ರಿಕೆಯವರು ಅಗೆದು ಹೇಳಿದ್ದರಿಂದ, ಎಂದರೆ ಶಬ್ದದಿಂದಲೇ. ಆಪ್ತರೆಂದು ಒಮ್ಮೆ ಒಪ್ಪಿದವರನ್ನು ಆಗಾಗ ವಿಚಾರಿಸುತ್ತಿರಬೇಕೆಂದು ಇಷ್ಟರಿಂದ ಸಿದ್ಧವಾಗುತ್ತದೆ.

ಗೃಹಸ್ಥರಿಗೆ ಶಬ್ದಪ್ರಮಾಣದಲ್ಲಿ ನಂಬಿಕೆಯಿಲ್ಲವೆಂದು ಮಾತ್ರ ಯಾರೂ ತಿಳಿಯಬಾರದು. ಅವರಿಗಿರುವಷ್ಟು ಶ್ರದ್ಧೆ ಮೀಮಾಂಸಕರಿಗೂ ಇಲ್ಲ. ದುಡ್ಡು ಕೊಡದೆ ಫೋಟೋಶಾಪೋ ಆಫೀಸೋ ಹಾಕಿಕೊಳ್ಳಲು ತರುವ ಕ್ರ್ಯಾಕಿನೊಡನೆ ಒಂದು ರೀಡ್‌ಮಿ ಫೈಲು ಬರುತ್ತದೆ. ಅದರ ಮೊದಲ ವಿಧಿವಾಕ್ಯ: ಆ್ಯಂಟಿವೈರಸ್ಸನ್ನು ಆಫ್ ಮಾಡತಕ್ಕದ್ದು. ಬರೆದವರು ಯಾರೋ ತಿಳಿಯದು. ಕರ್ತೃವಿಲ್ಲದ ವಾಕ್ಯವಾದ್ದರಿಂದ ಅದಕ್ಕೆ ಅಪೌರುಷೇಯದ ಗೌರವ ಸಲ್ಲುತ್ತದೆ. ಮಹಾಜನರು ಹಿಂದೆಮುಂದೆ ನೋಡದೆ ಆಫ್ ಮಾಡುತ್ತಾರೆ. ದುಡ್ಡು ಕೊಟ್ಟು ತಂದ, ಹೆಸರು ವಿಳಾಸವಿರುವ ಆ್ಯಂಟಿವೈರಸ್ ನಡುವೆ ಎಚ್ಚತ್ತು ಇದು ಟ್ರೋಜನ್ ಎಂದು ಕೂಗಿದರೆ, ಕ್ರ್ಯಾಕುಗಳನ್ನೆಲ್ಲ ಅದು ಹಾಗೇ ಅನ್ನೋದು, ತಲೆ ಕೆಡಿಸ್ಕೋಬೇಡಿ ಎಂಬ ಭಾಷ್ಯವೂ ಸಿದ್ಧವಾಗಿರುತ್ತದೆ. ವೈರಸ್ಸು ಮನೆಗೆ ನುಗ್ಗಿತು ಎನ್ನುವವರು ಕರ್ತರಿ ಕರ್ಮಣಿ ಪ್ರಯೋಗಗಳನ್ನು ಇನ್ನೊಮ್ಮೆ ಅಭ್ಯಾಸ ಮಾಡುವುದು ಲೇಸು.

ಇನ್ನು ನಿವಾರಣೆಯ ಪ್ರಕರಣ. ವೈರಸ್ ಹೊಕ್ಕ ಕಂಪ್ಯೂಟರನ್ನೇ ನಿನಗೆ ಏನಾಗಿದೆ ಎಂದು ಕೇಳುವುದು ಆರೋಪಿಯನ್ನೇ ಸಾಕ್ಷಿಯಾಗಿ ಕರೆದಂತೆ ಎಂಬುದು ಮೇಲಿನ ಸಿದ್ಧಾಂತದಿಂದ ತಾನಾಗಿಯೇ ಹೊರಡುತ್ತದೆ. ಕಂಪೈಲರಿನೊಳಗೇ ಕಳ್ಳನನ್ನು ಕೂರಿಸಿದರೆ ಮೂಲ ಕೋಡನ್ನು ಎಷ್ಟು ಓದಿದರೂ ಅವನು ಸಿಗುವುದಿಲ್ಲ ಎಂದು ಯೂನಿಕ್ಸ್‌ನ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ತೋರಿಸಿದ್ದರು. ಆದರೂ ಜನ ಟಾಸ್ಕ್ ಮ್ಯಾನೇಜರ್ ತೆರೆದು ದಿಟ್ಟಿಸುತ್ತಾರೆ. ಅಲ್ಲಿ ಎಸ್‌ವಿಸಿಹೋಸ್ಟ್ ಹತ್ತಾರು ಸಾಲು ಕಾಣುತ್ತದೆ. ಇಷ್ಟೊಂದು ಇದ್ದ ಮೇಲೆ ಇದೇ ವೈರಸ್ ಎಂದು ನಿಶ್ಚಯಿಸಿ ಕೊಲ್ಲುತ್ತಾರೆ. ಅದರ ಪಕ್ಕದಲ್ಲಿ ವಿ ಮತ್ತು ಸಿ ಅಕ್ಷರಗಳನ್ನು ಅದಲುಬದಲು ಮಾಡಿಕೊಂಡ ನಿಜವಾದ ಕಳ್ಳ ಕೂತಿದ್ದರೆ ಅವನನ್ನು ಬಿಡುತ್ತಾರೆ. ಸರಿಯಾದ ವಿಧಿ ಹೊರಗಿನಿಂದ ನೋಡುವುದು. ಮೊದಲು ಇಂಟರ್ನೆಟ್ ತೆಗೆಯಬೇಕು. ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಕೊಟ್ಟರೆ ಕಂಪ್ಯೂಟರು ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವುದಕ್ಕೆ ಮುಂಚೆಯೇ ತಪಾಸಣೆ ನಡೆಯುತ್ತದೆ. ವೈರಸ್ಸಿಗೆ ಎದ್ದು ಮುಖ ತೊಳೆಯಲು ಸಮಯವಿರುವುದಿಲ್ಲ. ಇಲ್ಲವೇ ಆರೋಗ್ಯವಾಗಿರುವ ಬೇರೆ ಕಂಪ್ಯೂಟರಿನಲ್ಲಿ ರೆಸ್ಕ್ಯೂ ಪೆನ್‌ಡ್ರೈವ್ ತಯಾರಿಸಿ ಅದರಿಂದ ಬೂಟ್ ಮಾಡಬೇಕು. ಬ್ಯಾಂಕು, ಈಮೇಲುಗಳ ಪಾಸ್‌ವರ್ಡ್ ಬದಲಿಸುವುದನ್ನೂ ಬೇರೆ ಯಂತ್ರದಿಂದಲೇ ಮಾಡಬೇಕು. ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ಟಾಗಿ ಕುಳಿತಿದ್ದರೆ ಫೈಲುಗಳು ಹೋದವೆಂದು ಅಳಬೇಕಿಲ್ಲ. ಹೆಚ್ಚಾಗಿ ಅವು ಹಿಡನ್ ಆಗಿ ಅಲ್ಲೇ ಇರುತ್ತವೆ, ಶಾರ್ಟ್‌ಕಟ್ ಒತ್ತದೆ ಸ್ಕ್ಯಾನ್ ಮಾಡಿ ಹಿಡನ್ ಗುಣ ತೆಗೆದರೆ ಮರಳಿ ಕಾಣುತ್ತವೆ.

ಇದ್ಯಾವುದೂ ಆಗದಿದ್ದರೆ ಫಾರ್ಮ್ಯಾಟ್. ಇದರಲ್ಲಿ ಎಲ್ಲ ಮತಗಳಿಗೂ ಸಮ್ಮತಿಯಿದೆ, ಆದರೆ ಅನುಷ್ಠಾನದಲ್ಲಿ ನಮ್ಮ ನಾಡಿನದೇ ಒಂದು ದ್ವೈತವಿದೆ. ಸಿ ಡ್ರೈವ್ ನಶ್ವರ, ಡಿ ಡ್ರೈವ್ ಶಾಶ್ವತ. ಸಿಯನ್ನು ಅಳಿಸಿ ಹೊಸ ವಿಂಡೋಸ್ ಹಾಕುತ್ತಾರೆ. ಮದುವೆಯ ಫೋಟೋ, ಸಿನಿಮಾ, ಹತ್ತನೆಯ ತರಗತಿಯ ಅಂಕಪಟ್ಟಿ ಎಲ್ಲ ಇರುವ ಡಿಯನ್ನು ಮುಟ್ಟುವುದಿಲ್ಲ. ಎಕ್ಸ್‌ಪಿಯ ಕಾಲದಲ್ಲಿ ಡಿಯ ಬಾಗಿಲಲ್ಲೇ ಆಟೋರನ್ ಫೈಲು ಅಡಗಿ ಕೂತಿರುತ್ತಿತ್ತು. ಡಬಲ್ ಕ್ಲಿಕ್ ಮಾಡಿದೊಡನೆ ಸಿಗೆ ಪುನರ್ಜನ್ಮದ ಮೊದಲ ದಿನವೇ ಹಳೆಯ ರೋಗ ಬರುತ್ತಿತ್ತು. 2011ರಲ್ಲಿ ಮೈಕ್ರೋಸಾಫ್ಟ್ ಒಂದು ಅಪ್‌ಡೇಟ್ ಕೊಟ್ಟು ಪೆನ್‌ಡ್ರೈವುಗಳ ಆಟೋರನ್ನನ್ನು ಹಳೆಯ ವಿಂಡೋಸ್‌ಗಳಲ್ಲೂ ಮುಚ್ಚಿಸಿತು. ಈಗ ಡಿಯಲ್ಲಿ ನೋಡಬೇಕಾದದ್ದು ಸಾಫ್ಟ್‌ವೇರ್ಸ್ ಎಂಬ ಫೋಲ್ಡರನ್ನು. ಮುಂದಿನ ಫಾರ್ಮ್ಯಾಟಿಗೆ ಬೇಕಾಗುತ್ತದೆಂದು ಕ್ರ್ಯಾಕುಗಳೆಲ್ಲ ತಮ್ಮ ತಮ್ಮ ರೀಡ್‌ಮಿಗಳೊಡನೆ ಅಲ್ಲಿ ಸುರಕ್ಷಿತವಾಗಿರುತ್ತವೆ. ಇವನ್ನು ಇಲ್ಲಿಟ್ಟವರು ಯಾರು ಎಂದು ವಿಚಾರಿಸಿದರೆ ಮನೆಯವರೆಲ್ಲ ಒಂದೇ ಉತ್ತರ ಕೊಡುತ್ತಾರೆ: ಹೋದ ಸಲ ವೈರಸ್ ತೆಗೆದುಕೊಟ್ಟ ಹುಡುಗ.