ಪ್ರಥಮಗೀರು ಮೀಮಾಂಸೆ

ಹೊಸ ಬೈಕಿನ ಮೇಲೆ ಬೀಳುವ ಮೊದಲ ಗೀರಿನ ಬಗ್ಗೆ ನಮ್ಮ ಪೂರ್ವಾಚಾರ್ಯರು ಒಂದು ಸೂತ್ರವನ್ನೂ ಬರೆದಿಟ್ಟಿಲ್ಲ. ಕಾರಣ ಸರಳ, ಅವರು ನಡೆದು ಹೋಗುತ್ತಿದ್ದರು. ಈ ಕೊರತೆ ತುಂಬಲು ಉಡುಪಿ ಸೀಮೆಗಿಂತ ತಕ್ಕ ಜಾಗವಿಲ್ಲ. ಇಲ್ಲಿ ಅರ್ಧ ಟ್ಯಾಂಕಿ ಪೆಟ್ರೋಲಿನಲ್ಲಿ ಎಂಟು ಮಠ, ಒಂದು ವೈದ್ಯಕೀಯ ಕಾಲೇಜು, ಒಂದು ಗೊಮ್ಮಟ, ಒಂದು ದೀಪಸ್ತಂಭ ಎಲ್ಲವನ್ನೂ ಸುತ್ತಿ ಬರಬಹುದು. ಗೀರಿನ ಬಗ್ಗೆ ಪ್ರತಿ ಊರಲ್ಲೂ ಬೇರೆ ಬೇರೆ ಅಭಿಪ್ರಾಯ ಸಿಗುತ್ತದೆ. ಕೇಳದಿದ್ದರೂ ಸಿಗುತ್ತದೆ.

ಮೊದಲು ಲಕ್ಷಣ. ಗೀರು ಎಂದರೆ ಮಾಲೀಕನ ಅನುಮತಿ ಇಲ್ಲದೆ ಗಾಡಿಯ ಮೇಲೆ ಬಿದ್ದ ಗೆರೆ. ಇಲ್ಲಿ 'ಅನುಮತಿ' ಎಂಬುದನ್ನು ಬಿಟ್ಟರೆ ಅತಿವ್ಯಾಪ್ತಿ ದೋಷ ಬರುತ್ತದೆ. ಬುಲೆಟ್ಟಿನ ಟ್ಯಾಂಕಿಯ ಮೇಲಿನ ಚಿನ್ನದ ಬಣ್ಣದ ಗೆರೆಯನ್ನು ಕಾರ್ಖಾನೆಯಲ್ಲಿ ಕುಂಚ ಹಿಡಿದು ಕೈಯಿಂದಲೇ ಎಳೆಯುತ್ತಾರೆ. ಅದನ್ನು ತೋರಿಸಿ ಮಾಲೀಕ ಹೆಮ್ಮೆಪಡುತ್ತಾನೆ. ಅದರ ಅರ್ಧ ಇಂಚು ಕೆಳಗೆ ಯಾರದೋ ಕೀ ಗೊಂಚಲು ಎಳೆದ ಗೆರೆಗೆ ರಾತ್ರಿ ಊಟ ಬಿಡುತ್ತಾನೆ. ಎರಡೂ ಕೈಕೆಲಸವೇ.

'ಪ್ರಥಮ' ಎಂಬ ವಿಶೇಷಣದಲ್ಲೂ ತಕರಾರಿದೆ. ಹೊಸ ಗಾಡಿಗೆ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಹೆಡ್‌ಲೈಟಿಗೆ ಸೇವಂತಿಗೆ ಮಾಲೆ ಕಟ್ಟುತ್ತೇವಲ್ಲ, ಆ ಮಾಲೆಯ ತಂತಿ ಮನೆ ಮುಟ್ಟುವವರೆಗೂ ಗಾಳಿಗೆ ಹೊಯ್ದಾಡಿ ಮಡ್‌ಗಾರ್ಡನ್ನು ಕೆರೆದರೆ ಅದು ಗೀರೋ ಪ್ರಸಾದವೋ? ಪ್ರಸಾದವೆಂದೇ ಈ ಲೇಖಕನ ಮತ. ಆದರೆ ಮಾಲೀಕರಲ್ಲಿ ಇದಕ್ಕೆ ಬೆಂಬಲ ಕಡಿಮೆ.

ಇನ್ನು ಉಡುಪಿ ಪಂಥ. ಇಲ್ಲಿ ಗೀರು ಬರೀ ಮಾಯೆ ಎಂದು ಪಾರಾಗುವ ದಾರಿಯಿಲ್ಲ. ಜಗತ್ತು ಸತ್ಯ ಎಂದು ಮಧ್ವಾಚಾರ್ಯರು 13ನೆಯ ಶತಮಾನದಲ್ಲೇ ಸಾಧಿಸಿಟ್ಟಿದ್ದಾರೆ. ಜಗತ್ತು ಸತ್ಯವಾದರೆ ಬೈಕು ಸತ್ಯ, ಬೈಕಿನ ಮೇಲಿನ ಗೀರು ಸತ್ಯ, ಬೈಕಿನ ಬೆನ್ನಿಗೆ ಬಿದ್ದಿರುವ ಕಂತು ಇನ್ನೂ ಸತ್ಯ. ಶೃಂಗೇರಿ ಕಡೆಯ ಸ್ನೇಹಿತನೊಬ್ಬ ಘಾಟಿಯಿಳಿದು ಬಂದು ಹಗ್ಗ-ಹಾವಿನ ದೃಷ್ಟಾಂತ ಹೇಳಿ ಸಮಾಧಾನ ಮಾಡಬಹುದು. ಅವನು ಬಂದದ್ದು ಬಸ್ಸಿನಲ್ಲಿ ಎಂಬುದನ್ನು ಗಮನಿಸಬೇಕು.

ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಭೇದ ಎಂಬುದೊಂದು. ನೆರೆಮನೆಯ ಸ್ಕೂಟರಿನ ಗೀರು ಬೇರೆ, ನಮ್ಮ ಬೈಕಿನ ಗೀರು ಬೇರೆ ಎಂಬ ಈ ತತ್ತ್ವ ಇಲ್ಲಿ ಪಾಠವಿಲ್ಲದೆ ಎಲ್ಲರಿಗೂ ಬಂದುಬಿಟ್ಟಿದೆ. ತಾರತಮ್ಯವೂ ಹಾಗೆಯೇ. ಮಡ್‌ಗಾರ್ಡಿನ ಒಳಬದಿಯ ಗೀರು ಎಲ್ಲಕ್ಕಿಂತ ಕೆಳಗಿನದು. ಹಿಂದೆ ಕೂತವರ ಚಪ್ಪಲಿಯಿಂದ ಸೈಲೆನ್ಸರಿಗಾದದ್ದು ಅದಕ್ಕಿಂತ ಮೇಲು. ಕೂತವರು ಅತ್ತೆಯಾಗಿದ್ದರೆ ಅದು ಲೆಕ್ಕಕ್ಕೇ ಇಲ್ಲ. ಲೆಗ್‌ಗಾರ್ಡು, ಹ್ಯಾಂಡಲಿನ ತುದಿ ದಾಟಿ ಹತ್ತಿದರೆ ಟ್ಯಾಂಕಿಯ ನೆತ್ತಿ. ಅಲ್ಲಿ ಬಿದ್ದ ಗೀರು ಸರ್ವೋತ್ತಮ.

ಯಾರು ಮಾಡಿದ್ದು ಎಂಬ ಪ್ರಶ್ನೆಗೆ ಈ ಪಂಥದಲ್ಲಿ ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಪ್ರಮಾಣಗಳಿವೆ. ಪ್ರತ್ಯಕ್ಷ ಸಿಗುವುದಿಲ್ಲ, ಗೀರು ಬೀಳುವಾಗ ಮಾಲೀಕ ಒಳಗೆ ಮಸಾಲೆದೋಸೆ ತಿನ್ನುತ್ತಿರುತ್ತಾನೆ. ಅನುಮಾನ ಬೇಕಾದಷ್ಟಿದೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗಿನ ಜಾವ ಪರ್ಯಾಯದ ಮೆರವಣಿಗೆ ಜೋಡುಕಟ್ಟೆಯಿಂದ ಹೊರಡುತ್ತದೆ. ಹಿಂದಿನ ರಾತ್ರಿ ಊರಿನ ಸಂದಿಗೊಂದಿಗಳಲ್ಲೆಲ್ಲ ನಿಲ್ಲಿಸಿಟ್ಟ ಬೈಕುಗಳ ನಡುವೆ ಇನ್ನೊಂದು ಬೈಕನ್ನು ತುರುಕಿದವನು ಖಂಡಿತ ಇದ್ದಾನೆ, ಆದರೆ ಲಕ್ಷ ಜನರಲ್ಲಿ ಅವನೊಬ್ಬ. ಆಗಮವೆಂದರೆ ಎದುರಿನ ಅಂಗಡಿಯ ಸಿಸಿಟಿವಿ. ಅದರ ಮುಖ ಗಲ್ಲಾದ ಕಡೆಗಿರುತ್ತದೆ. ಮೂರೂ ಸೋತಾಗ ಉಳಿಯುವುದು, ಎಲ್ಲ ಪ್ರಮಾಣಗಳನ್ನೂ ಒರೆಗೆ ಹಚ್ಚುವ ಒಳಗಿನ ಸಾಕ್ಷಿ. ಸಾಕ್ಷಿ ತಪ್ಪುವುದಿಲ್ಲ ಎಂಬುದು ಸಿದ್ಧಾಂತ. ಟ್ಯಾಂಕಿಯ ಹಿಂಭಾಗದ ಆ ಗೀರು ಮಾಲೀಕನ ಸೊಂಟದ ಬೆಲ್ಟಿನ ಬಕಲಿಗೆ ಸರಿಯಾಗಿ ತಾಳೆಯಾಗುತ್ತದೆ ಎಂದು ಸಾಕ್ಷಿ ಮೆಲ್ಲಗೆ ಹೇಳುತ್ತಾನೆ. ಮಾಲೀಕ ಪರ್ಯಾಯದ ಜನಸಂದಣಿಯನ್ನೇ ಬೈಯುತ್ತಾನೆ.

ಮಣಿಪಾಲ ಪಂಥಕ್ಕೆ ಕರ್ತೃವಿನಲ್ಲಿ ಆಸಕ್ತಿಯಿಲ್ಲ, ಗಾಯದಲ್ಲಿ ಮಾತ್ರ. 1953ರಿಂದ ವೈದ್ಯಕೀಯ ಕಾಲೇಜಿರುವ ಊರು. ಟೈಗರ್ ಸರ್ಕಲ್ಲಿನಲ್ಲಿ ಚಾ ಕುಡಿಯುವವನೂ ಕಾಯಿಲೆಯ ಹೆಸರು ಕೇಳಿದ ಮೇಲೆಯೇ ಅಯ್ಯೋ ಅನ್ನುತ್ತಾನೆ. ಲೋಹದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಅದರ ಮೇಲೆ ಹೊಳಪಿನ ಕ್ಲಿಯರ್ ಕೋಟ್. ಎಲ್ಲ ಸೇರಿ ಸುಮಾರು ನೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲು. ನಮ್ಮ ಮೈಯ ಮೇಲ್ಪದರದ ಚರ್ಮವೂ ಹೆಚ್ಚುಕಡಿಮೆ ಅಷ್ಟೇ ದಪ್ಪ. ಮೈಗಾದದ್ದು ವಾರದಲ್ಲಿ ಮಾಯುತ್ತದೆ, ಗಾಡಿಗಾದದ್ದು ಮಾಯುವುದಿಲ್ಲ. ಸೈಡ್ ಸ್ಟ್ಯಾಂಡ್ ಜಾರಿ ಬೈಕು ಬೀಳುವಾಗ ಮಾಲೀಕ ತನ್ನ ಮೊಣಕಾಲನ್ನು ಅಡ್ಡ ಕೊಡುವುದು ಈ ಲೆಕ್ಕದಿಂದಲೇ.

ಪರೀಕ್ಷೆ ಉಗುರಿನದು. ಗೀರಿಗೆ ಅಡ್ಡವಾಗಿ ಉಗುರು ಎಳೆಯಬೇಕು. ಜಾರಿದರೆ ಕ್ಲಿಯರ್ ಕೋಟಿನಲ್ಲೇ ನಿಂತಿದೆ, ಪಾಲಿಶ್ ಸಾಕು. ಸಿಕ್ಕಿಕೊಂಡರೆ ಒಳಕ್ಕಿಳಿದಿದೆ, ಬಣ್ಣ ತುಂಬಬೇಕು. ಪಾಲಿಶ್ ಎಂದರೆ ಏನೆಂದು ತಿಳಿದವರು ನೆಮ್ಮದಿಯಿಂದ ಮಲಗಲಾರರು. ಅದು ಗೀರನ್ನು ತೆಗೆಯುವುದಿಲ್ಲ. ಸುತ್ತಲಿನ ಹೊಳಪನ್ನು ಗೀರಿನ ತಳದವರೆಗೆ ಸವೆಸಿ ಸಮ ಮಾಡುತ್ತದೆ. ಚಿಕಿತ್ಸೆ ಪೂರ್ತಿ ರೋಗ ಇಲ್ಲದ ಜಾಗಕ್ಕೆ!

ಎಲ್ಲ ಪಂಥಗಳಿಗೂ ಸಮಾನವಾದ ಒಂದು ಪೀಡೆಯನ್ನು ಇಲ್ಲಿ ವಿಸ್ತರಿಸಬೇಕು. ಅವರು ಸಾಂತ್ವನಕಾರರು. ಗೀರು ಬಿದ್ದದ್ದು ಯಾರಿಗೂ ಗೊತ್ತಿರುವುದಿಲ್ಲ. ಮಾಲೀಕನೇ ಕರೆದು, ಮೊಬೈಲಿನ ಟಾರ್ಚ್ ಬಿಟ್ಟು, ಇಂಥ ಕಡೆ ನಿಂತು ನೋಡಿ ಎಂದು ಜಾಗ ತೋರಿಸಿ ಕಾಣಿಸುತ್ತಾನೆ. ಆಮೇಲೆ ಬರುವ ಮಾತು ಒಂದೇ: "ಅದು ಗೊತ್ತೇ ಆಗುದಿಲ್ಲ ಮಾರಾಯ್ರೆ." ಗೊತ್ತಾಗದ್ದನ್ನು ಎರಡು ಇಂಚು ದೂರದಿಂದ ನೋಡುತ್ತ ಹೇಳುವ ಮಾತಿದು. "ದೃಷ್ಟಿ ಹೋಯ್ತು ಅಂತ ತಿಳ್ಕೊಳ್ಳಿ" ಎನ್ನುವವರು ಇನ್ನೊಂದು ವರ್ಗ. "ನಂದು ಮೂರನೇ ದಿನಕ್ಕೇ ಮೀನಿನ ಲಾರಿಗೆ ತಾಗಿತ್ತು, ನಿಮ್ಮದು ಎಂತದ್ದೂ ಅಲ್ಲ" ಎನ್ನುವವರು ನಮ್ಮ ದುಃಖವನ್ನು ಕಿತ್ತುಕೊಂಡು ಹೋಗಿಬಿಡುತ್ತಾರೆ. ಭಾವನಂತೂ ಟ್ಯಾಂಕಿಯ ಸುತ್ತ ಎರಡು ಪ್ರದಕ್ಷಿಣೆ ಬಂದು, "ಎಲ್ಲುಂಟು? ಎಂತ ಕಾಣುದಿಲ್ವಲ್ಲ ಭಾವ" ಎಂದುಬಿಟ್ಟ. ಇವರೆಲ್ಲರಿಗಿಂತ ಅಪಾಯಕಾರಿ, ಮಾತಾಡದೆ ಹೆಬ್ಬೆರಳಿಗೆ ಎಂಜಲು ಹಚ್ಚಿ ಗೀರನ್ನು ಉಜ್ಜತೊಡಗುವ ಹಿರಿಯ. ಬೀದಿಯ ದೂಳಿನಲ್ಲಿ ಕ್ವಾರ್ಟ್ಸಿನ ಹರಳಿರುತ್ತದೆ. ಗಡಸುತನದ ಮೋಸ್ ಮಾಪನದಲ್ಲಿ ಅದರ ಸ್ಥಾನ 7. ಒಣ ಬೈರಾಸಿನಿಂದ ಒರೆಸಿದರೂ ಬಣ್ಣದ ಮೇಲೆ ಕೂದಲೆಳೆಯ ಗೀರು ಮೂಡಿಸುವುದು ಅದೇ. ಹಿರಿಯರು ಕೈ ಎತ್ತುವಷ್ಟರಲ್ಲಿ ಗೀರಿಗೆ ಸಂಸಾರವಾಗಿರುತ್ತದೆ. ಹಿರಿಯರಾದ್ದರಿಂದ ಥ್ಯಾಂಕ್ಸ್ ಬೇರೆ ಹೇಳಬೇಕು.

ಮನಸ್ಸಿಗೆ ನಿಜವಾದ ಸಮಾಧಾನ ಬೇಕಿದ್ದವರು ಕಾರ್ಕಳಕ್ಕೆ ಹೋಗಬೇಕು. ಹಿರಿಯಡ್ಕ ದಾಟಿದ ಮೇಲೆ ದಾರಿಯಲ್ಲೇ ಅರ್ಧ ಹಗುರವಾಗುತ್ತದೆ. ಅಲ್ಲಿಯ ಜೈನರ ಸ್ಯಾದ್ವಾದದ ಸಪ್ತಭಂಗಿಯಲ್ಲಿ ಗೀರಿಗೆ ಜಾಗ ಧಾರಾಳ. ಬೆಳಗಿನ ಓರೆ ಬಿಸಿಲಿನಲ್ಲಿ ಗೀರು ಇರಬಹುದು. ಹಲಸಿನ ಮರದ ನೆರಳಲ್ಲಿ ಇಲ್ಲದಿರಬಹುದು. ಗಾಡಿಯನ್ನು ಬಿಸಿಲಿನಿಂದ ನೆರಳಿಗೆ ತಳ್ಳಿಕೊಂಡು ಹೋದರೆ ಇರಲೂಬಹುದು, ಇಲ್ಲದಿರಲೂಬಹುದು. ನಾಲ್ಕನೆಯದು ಅವಕ್ತವ್ಯ, ಹೇಳಲಾಗದ್ದು. ಮುಂಗಡ ಹಣ ಕೊಟ್ಟ ಅಪ್ಪನ ಎದುರು ಗೀರು ಇದೇ ಸ್ಥಿತಿಯಲ್ಲಿರುತ್ತದೆ. ಉಳಿದ ಮೂರು ಭಂಗಿಗಳು ಇವೇ ಕೂಡಿ ಆದವು. ಇನ್ಶೂರೆನ್ಸ್ ಅರ್ಜಿ ತುಂಬುವಾಗ ಉಪಯೋಗಕ್ಕೆ ಬರುತ್ತವೆ.

ಬೆಟ್ಟ ಹತ್ತಿದರೆ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ, 42 ಅಡಿಯ ಏಕಶಿಲೆಯ ಬಾಹುಬಲಿ. ಹೆಚ್ಚುಕಡಿಮೆ ಆರುನೂರು ಮಳೆಗಾಲಗಳಿಗೆ ಮೈಯೊಡ್ಡಿ ನಿಂತಿದ್ದಾನೆ, ಅದೂ ಕಾರ್ಕಳದ ಮಳೆಗೆ. ಕವರ್ ಹೊದಿಸಿದವರಿಲ್ಲ. ಹಾಲು, ಅರಿಶಿನ, ಗಂಧದ ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ. ಇತ್ತ ಪ್ರತಿ ಭಾನುವಾರ ಶಾಂಪೂ, ಮೈಕ್ರೋಫೈಬರ್ ಬಟ್ಟೆ, ಮೇಣ. ಸರ್ವಸ್ವವನ್ನೂ ಬಿಟ್ಟವನ ಪಾದದ ಬಳಿ ನಿಂತು ಮಾಲೀಕ ಯೋಚಿಸುವುದು, ಕೆಳಗೆ ನಿಲ್ಲಿಸಿದ ಗಾಡಿಗೆ ಯಾರಾದರೂ ಒರಗಿ ಸೆಲ್ಫಿ ತೆಗೆಯುತ್ತಿದ್ದಾರೋ ಎಂದು.

ಕಾಪು ಪಂಥಕ್ಕೆ ತತ್ತ್ವಕ್ಕೆಲ್ಲ ಪುರುಸೊತ್ತಿಲ್ಲ. 1901ರ ದೀಪಸ್ತಂಭದ ಸುತ್ತ ಬೀಸುವ ಗಾಳಿಯಲ್ಲಿ ಉಪ್ಪಿದೆ. ಗೀರು ಲೋಹ ಮುಟ್ಟಿದ್ದರೆ ಮಳೆಗಾಲ ಮುಗಿಯುವ ಮೊದಲೇ ಕಂದು ಬಣ್ಣ ಇಣುಕುತ್ತದೆ. ತಂಗಿಯ ಬಣ್ಣವಿಲ್ಲದ ನೈಲ್ ಪಾಲಿಶ್ ಒಂದು ಹನಿ ಹಚ್ಚಿ ಗಾಳಿ ತಾಗದಂತೆ ಮುಚ್ಚುವುದೇ ಇಲ್ಲಿಯ ಪ್ರಥಮ ಚಿಕಿತ್ಸೆ. ತಂಗಿಗೆ ಹೇಳಬೇಕೇ ಎಂಬುದರ ಬಗ್ಗೆ ಪಂಥ ಮೌನವಾಗಿದೆ.

ಇವೆಲ್ಲಕ್ಕೂ ಹೊರಗೆ ನಿಂತ ಪ್ರಾಚೀನ ಶಾಖೆಯೊಂದಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದ ಯೆಜ್ಡಿಯನ್ನು ಇನ್ನೂ ಓಡಿಸುವವರು ಗೀರನ್ನು ಶಾಸನದಂತೆ ಓದುತ್ತಾರೆ: ಇದು ಆಗುಂಬೆಯ ಏಳನೇ ತಿರುವಿನದು, ಇದು ಮದುವೆಯ ಮಾರನೇ ದಿನದ್ದು. ಹೊಸ ಬೈಕಿನವನು ತನ್ನ ಗೀರು ತೋರಿಸಹೋದರೆ ಅವರು ಕನ್ನಡಕ ಹುಡುಕುತ್ತಾರೆ.

ಗೀರಿನ ಆಳವನ್ನು ಅಳೆಯುವ ಮಾಪನ ಯಾವುದು ಎಂಬ ಪ್ರಶ್ನೆ ಉಳಿಯಿತು. ಮೈಕ್ರಾನ್ ಎಂದು ಮಣಿಪಾಲ ಹೇಳುತ್ತದೆ, ಸ್ಥಾನತಾರತಮ್ಯ ಎಂದು ಉಡುಪಿ. ಇದು ಗಾಡಿ ಮಾರುವ ದಿನದವರೆಗೂ ತೀರ್ಮಾನವಾಗಿರಲಿಲ್ಲ. ಕೊಳ್ಳಲು ಬಂದವನು ಅದೇ ಭಾವ. ಚಪ್ಪಲಿ ಕಳಚುವ ಮೊದಲೇ, ಗೇಟಿನ ಹೊರಗಿನಿಂದಲೇ ಕೇಳಿದ:

"ಟ್ಯಾಂಕಿ ಮೇಲೆ ಅಷ್ಟುದ್ದ ಗೀರು ಉಂಟಲ್ಲ ಭಾವ, ಅದಕ್ಕೆ ಎಷ್ಟು ಕಡಿಮೆ ಮಾಡ್ತೀರಿ?"