ನಮ್ಮಲ್ಲೂ ಐತೆ

ಸಿಂಗಟಗೆರೆಯ ನಮ್ಮ ದೊಡ್ಡಪ್ಪನಿಗೆ ಹೊಸದು ಅಂತ ಏನನ್ನೂ ತೋರಿಸುವ ಹಾಗಿಲ್ಲ. ತಾಜ್‌ಮಹಲ್ ನೋಡಿ ಬಂದವರಿಗೆ ಬೇಲೂರು ಹೇಳುತ್ತಾರೆ, ಗಂಗೆ ತಂದವರಿಗೆ ಕಲ್ಹತ್ತಿಗಿರಿ ಹೇಳುತ್ತಾರೆ. ಜಗತ್ತಿನಲ್ಲಿರುವುದೆಲ್ಲ ಕಡೂರು ಸೀಮೆಯಿಂದಲೇ ಹೋದದ್ದು. ಕೆಲವು ಹೋಗಿ ಕೆಟ್ಟಿವೆ, ಅಷ್ಟೆ.

ಅವರ ಮೊಮ್ಮಗಳು ಮೆಲ್ಬರ್ನ್‌ನಲ್ಲಿ ಓದುತ್ತಾಳೆ. ಜೊತೆಯಲ್ಲಿ ಓದುವ ಇಂಡೋನೇಷ್ಯಾದ ಹುಡುಗರು ಅಲ್ಲಿನ ಜನಕ್ಕೆ ತಮ್ಮ ನಾಡು ತೋರಿಸೋಣ ಅಂತ ತಾವೇ ದುಡ್ಡು ಕೂಡಿಸಿ ಒಂದು ಹಬ್ಬ ಮಾಡಿದರಂತೆ. ಅಲ್ಲಿಂದಲೇ ವಿಡಿಯೊ ಕಾಲ್ ಮಾಡಿದಳು. ದೊಡ್ಡಪ್ಪ ಫೋನನ್ನು ಸುಲಿದ ಕಾಯಿಗೆ ಒರಗಿಸಿ, ಪಂಚೆ ಸರಿಮಾಡಿಕೊಂಡು, ಮುಖ್ಯ ಅತಿಥಿಯ ಹಾಗೆ ಕೂತರು.

“ಇವರೆಲ್ಲ ಜಾವಾದವರು ಅಜ್ಜ.”

“ಜಾವಾನಾ? ಮೈಸೂರಲ್ಲಿ ತಯಾರಾಗ್ತಿತ್ತು. ನಾನೇ ಓಡಿಸಿದೀನಿ.”

ಆ ಮೋಟಾರ್‌ಸೈಕಲ್ಲಿನ ಮೂಲ ಚೆಕ್ ದೇಶ, ದ್ವೀಪಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ನಾನು ಬಾಯಿ ಬಿಡಲಿಲ್ಲ. ಸಾಲ ಕೇಳಲು ಹೋದವನು ತಿದ್ದುಪಡಿ ಮಾಡಬಾರದು.

ದೀಪದ ಮುಂದೆ ಪರದೆ, ಎಮ್ಮೆ ಚರ್ಮದ ಗೊಂಬೆ. ಒಬ್ಬನೇ ಕೂತು ಭೀಮ, ಶಕುನಿ, ದ್ರೌಪದಿ ಎಲ್ಲರ ದನಿಯನ್ನೂ ಮಾಡುತ್ತಿದ್ದ.

“ವಾಯಾಂಗ್ ಅಂತಾರೆ ಅಜ್ಜ. 2003ರಲ್ಲೇ ಯುನೆಸ್ಕೊ ಮಾನ್ಯತೆ ಸಿಕ್ಕಿದೆ.”

“ತೊಗಲುಗೊಂಬೆ ಕಣಮ್ಮ ಅದು. ಆ ಡೊಳ್ಳುಹೊಟ್ಟೆಯೋನು ಕಿಳ್ಳೇಕ್ಯಾತ. ಯುನೆಸ್ಕೊದೋರು ಬೀರೂರಲ್ಲಿ ಇಳಿಯೋದು ಮರ್ತು ಮುಂದಕ್ಕೆ ಹೋಗವ್ರೆ.”

ಕಾಫಿ ತೋರಿಸಿದಳು. “ನಮ್ ಕಡೆ ಗಿಡ” ಅಂದರು. ಮೊಮ್ಮಗಳು ನಕ್ಕುಬಿಟ್ಟಳು. ಪಾಪ, ಇದೊಂದು ಮಾತು ಹೆಚ್ಚುಕಮ್ಮಿ ನಿಜ: 1696ರಲ್ಲಿ ಡಚ್ಚರು ಜಾವಾಕ್ಕೆ ಕಾಫಿ ಸಸಿ ಒಯ್ದದ್ದು ನಮ್ಮ ಮಲಬಾರ್ ಕರಾವಳಿಯಿಂದಲೇ. ಆದರೆ ದೊಡ್ಡಪ್ಪನ ಬಾಯಿಂದ ಬಂದ ಮೇಲೆ ನಿಜಕ್ಕೂ ಮಾನ ಉಳಿಯುವುದಿಲ್ಲ.

“ಇವರು ಭಾಷೆಗೆ ಬಹಾಸ ಅಂತಾರೆ. ಗಂಡನಿಗೆ ಸುವಾಮಿ, ಹೆಂಡತಿಗೆ ಇಸ್ತ್ರಿ!”

“ನೋಡ್ದಾ, ಎಲ್ಲಾ ನಮ್ಮದೇ.”

“ಹೂಂ, ನಮ್ಮದೇ,” ಒಳಗಿನಿಂದ ದೊಡ್ಡಮ್ಮ. “ನಲವತ್ತು ವರ್ಷದಿಂದ ಆ ಪಂಚೆಗೆ ನಾನೇ ಇಸ್ತ್ರಿ.”

ಬಾಳೆಲೆಯಲ್ಲಿ ಸುತ್ತಿ ಬೂಷ್ಟು ಬರಿಸಿದ ಸೋಯಾ ಕಾಳಿನ ತೆಂಪೆ ಬಂತು. “ಅದು ಅವರದ್ದೇ ಇರ್ಲಿ” ಅಂದರು, ಉದಾರವಾಗಿ.

ಎಡವಟ್ಟಾದದ್ದು ಆಮೇಲೆ. “ಅಜ್ಜ, ಇವರ ಆಟದಲ್ಲಿ ದ್ರೌಪದಿ ಧರ್ಮರಾಯನೊಬ್ಬನಿಗೇ ಹೆಂಡತಿಯಂತೆ.”

ಸುಣ್ಣ ಹಚ್ಚುತ್ತಿದ್ದ ಬೆರಳು ಎಲೆಯ ಮೇಲೇ ನಿಂತಿತು. “ಮಿಕ್ಕ ನಾಲ್ವರು?”

“ಅವರಿಗೆ ಬೇರೆ ಹೆಂಡತಿಯರು.”

ಬೇಲೂರು ಬರಲಿಲ್ಲ, ಕಲ್ಹತ್ತಿಗಿರಿಯೂ ಬರಲಿಲ್ಲ. ದೊಡ್ಡಪ್ಪ ಎಲೆಯನ್ನು ಹಾಗೇ ಮಡಿಸಿ ತಟ್ಟೆಗೆ ಹಾಕಿ ಎದ್ದರು. ಸಾಲದ ಮಾತು ಎತ್ತಲಾಗದೆ ನಾನೂ ಅಲ್ಲೇ ಉಳಿದೆ. ರಾತ್ರಿ ಹತ್ತಕ್ಕೆ ಹಜಾರದಲ್ಲಿ ಫೋನಿನ ಬೆಳಕು. ಮೆಲ್ಬರ್ನ್‌ನಲ್ಲಿ ಆಗ ನಡುರಾತ್ರಿ ಕಳೆದಿತ್ತು.

“ಮಲಗಿದ್ಯಾ ಮಗಾ? ಆ ಗೊಂಬೆಯೋನನ್ನ ಒಂದು ಮಾತು ಕೇಳು. ಬರೀ ಅತ್ತಿಗೆಗೋಸ್ಕರ ಭೀಮ ಅಷ್ಟು ರಕ್ತ ಕುಡೀತಾನಾ?”