ಮೌಲ್ಯಮಾಪನ ಮೀಮಾಂಸೆ: ಚೌಳಹಿರಿಯೂರು ಸಂಪ್ರದಾಯ

ಮಗುವಿಗೆ ಎಷ್ಟು ಬರುತ್ತದೆ ಎಂದು ತಿಳಿಯಲು ಹಿಂದಿನವರು ಮಗುವನ್ನೇ ಕೇಳುತ್ತಿದ್ದರು. ಅವೈಜ್ಞಾನಿಕವಾದ ಈ ಪದ್ಧತಿಯನ್ನು ಶಿಕ್ಷಣಶಾಸ್ತ್ರ ಈಗ ಕೈಬಿಟ್ಟಿದೆ. ಕಡೂರು ಸೀಮೆಯ ಚೌಳಹಿರಿಯೂರಿನ ಸುತ್ತಣ ಬಯಲಿನಲ್ಲಿ ಬಾಳಿ ಬದುಕಿದ ಅನುಭವದ ಮೇಲೆ ಈ ಮಹಾಪ್ರಬಂಧವು ‘ನಮೂನೆ ಸತ್ಯ, ಮಗು ಮಿಥ್ಯೆ’ ಎಂಬ ಪ್ರಾಕ್ಕಲ್ಪನೆಯನ್ನು ಸಾಧಿಸಹೊರಟಿದೆ. ಅಧ್ಯಯನದ ವ್ಯಾಪ್ತಿ: ತರಗತಿ ಕೋಣೆ. ಮಿತಿ: ಪ್ರಬಂಧಕಾರನಿಗೆ ತರಗತಿ ಕೋಣೆಯೊಳಗೆ ಹೋಗಲು ಪುರುಸೊತ್ತಾಗಲಿಲ್ಲ, ಆಫೀಸು ರೂಮಿನಲ್ಲಿ ಕೂತು ಮಾಹಿತಿ ತುಂಬುತ್ತಿದ್ದ.

ಮೊದಲನೆಯದಾಗಿ ಕಾಲನಿರ್ಣಯ. ವರ್ಷಕ್ಕೆ ಋತುಗಳು ಆರು ಎಂಬುದನ್ನು ಶಾಸ್ತ್ರ ಒಪ್ಪುತ್ತದೆ. ವಸಂತ, ಗ್ರೀಷ್ಮ ಮುಂತಾದ ಹೆಸರುಗಳು ಮಾತ್ರ ಬಳಕೆ ತಪ್ಪಿವೆ. ಈಗಿನವು ರೂಪಣಾತ್ಮಕ ಮೌಲ್ಯಮಾಪನ ನಾಲ್ಕು, ಸಂಕಲನಾತ್ಮಕ ಎರಡು. ರೂಪಣಾತ್ಮಕಕ್ಕೆ ತಲಾ ಶೇ 15, ಸಂಕಲನಾತ್ಮಕಕ್ಕೆ ತಲಾ ಶೇ 20, ಒಟ್ಟು ನೂರು. ಒಂದು ಋತುವಿನ ಅಂಕ ತಂತ್ರಾಂಶಕ್ಕೆ ಏರಿಸುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಪಾಠ ಮಾಡುವುದು ಸಂಧಿಕಾಲದಲ್ಲಿ, ಸರ್ವರ್ ಕೈಕೊಟ್ಟಾಗ.

ಎರಡನೆಯದು ಶ್ರೇಣಿತತ್ತ್ವ. ತೊಂಬತ್ತರ ಮೇಲೆ ಎ ಪ್ಲಸ್, ಎಪ್ಪತ್ತರ ಮೇಲೆ ಎ, ಐವತ್ತರ ಮೇಲೆ ಬಿ ಪ್ಲಸ್, ಮೂವತ್ತರ ಮೇಲೆ ಬಿ, ಅದಕ್ಕೂ ಕೆಳಗೆ ಸಿ. ಇವುಗಳಲ್ಲಿ ಸಿ ಎಂಬುದು ಆಕಾಶಕುಸುಮದಂತೆ ಹೆಸರಿಗಷ್ಟೇ ಇರುವ ವಸ್ತು. ಏಕೆಂದರೆ ಸಿ ಬರೆದವರು ಪರಿಹಾರ ಬೋಧನೆಯ ವೇಳಾಪಟ್ಟಿ, ಕ್ರಿಯಾಯೋಜನೆ, ಕ್ರಿಯಾಸಂಶೋಧನೆ, ಅನುಪಾಲನಾ ವರದಿ, ಜೊತೆಗೆ ದಿನಾಂಕ ಕಾಣುವಂತೆ ತೆಗೆದ ಫೋಟೊ ಸಲ್ಲಿಸತಕ್ಕದ್ದು. ಬಿ ಬರೆದವರಿಗೆ ಐದು ಗಂಟೆಯ ಬಸ್ಸು ಸಿಗುತ್ತದೆ. ಈ ನೈಸರ್ಗಿಕ ನಿಯಮಕ್ಕೆ ‘ಕಲಿಕಾಫಲಾಧಾರಿತ ಬಹುಆಯಾಮಿ ಸಾಮರ್ಥ್ಯೋತ್ಕರ್ಷ ಸಿದ್ಧಾಂತ’ ಎಂದು ಹೆಸರಿಡಲಾಗಿದೆ.

ಮೂರನೆಯದು ಷರಾ ವಿಚಾರ. ಪ್ರಗತಿಪತ್ರದಲ್ಲಿ ಬರೆಯುವ ಷರಾ ಎಂಟು ವಿಧ. ‘ಪ್ರಗತಿ ಉತ್ತಮ’ ಎಂದರೆ ಮಗುವಿನ ಮುಖ ಮೇಷ್ಟ್ರಿಗೆ ನೆನಪಿದೆ. ‘ಪ್ರಗತಿ ತೃಪ್ತಿಕರ’ ಎಂದರೆ ಹೆಸರು ಮಾತ್ರ ನೆನಪಿದೆ. ‘ಇನ್ನೂ ಸುಧಾರಿಸಬೇಕು’ ಎಂದರೆ ಮೊನ್ನೆ ಕಿಟಕಿ ಗಾಜು ಒಡೆದವನು. ನಾಲ್ಕನೆಯದು ಇವುಗಳ ಮಿಶ್ರಣ. ಉಳಿದ ನಾಲ್ಕನ್ನು ಓದುಗರೇ ತುಂಬಿಕೊಳ್ಳಲಿ; ನಾವು ತುಂಬುವುದೂ ಹಾಗೆಯೇ.

ಇನ್ನು ದೃಷ್ಟಾಂತ. ಪ್ರಶ್ನೆ: ‘ನಿಮ್ಮ ಊರಿನ ಜಲಮೂಲಗಳನ್ನು ಹೆಸರಿಸಿ.’ ಅಂಕ ಎರಡು. ಮಾದರಿ ಉತ್ತರ: ನದಿ, ಕೆರೆ, ಬಾವಿ. ಒಬ್ಬ ಹುಡುಗಿ ದುಂಡಗೆ ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದಳು: ‘ಟ್ಯಾಂಕರ್’. ಪಕ್ಕದಲ್ಲಿ ಕೆಂಪು ಶಾಯಿಯ ಸೊನ್ನೆ. ‘ಯಾಕಮ್ಮಾ ಹಿಂಗೆ ಬರೆದೆ?’ ಅಂದರೆ, ‘ಸಾ, ನಮ್ಮೂರಿಗೆ ನೀರು ತರೋದು ಅದೇ ಅಲ್ವಾ?’ ಮೇಲಿಂದ ಮೇಲೆ ಬರಪೀಡಿತ ಪಟ್ಟಿ ಸೇರುವ ತಾಲ್ಲೂಕಿನ ಮಗು ಅದು. ಮಾದರಿ ಉತ್ತರ ಬರೆದವರು ಏಪ್ರಿಲ್ ತಿಂಗಳಲ್ಲಿ ಈ ಕಡೆ ಬಂದವರಲ್ಲ. ಸೊನ್ನೆ ಯಾರಿಗೆ ಬೀಳಬೇಕಿತ್ತು ಎಂಬ ಪ್ರಶ್ನೆಗೆ ನಮೂನೆಯಲ್ಲಿ ಕಾಲಂ ಇಲ್ಲ.

ಪೂರ್ವಪಕ್ಷದವರು ಹೇಳುತ್ತಾರೆ: ಇದೆಲ್ಲ ಮಗುವಿನ ಒಳ್ಳೆಯದಕ್ಕೇ ಹುಟ್ಟಿದ್ದಲ್ಲವೇ? ಹೌದು, ಅದೇ ಸಂಕಟ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿದ್ದು ಸರಳವಾಗಿತ್ತು: ಮಗುವನ್ನು ಹೆದರಿಸಬೇಡಿ, ಅದಕ್ಕೆ ಎಷ್ಟು ಅರ್ಥವಾಗಿದೆ ಎಂದು ಬಿಡದೆ ಗಮನಿಸುತ್ತಿರಿ. ಗಮನಿಸುವುದು ಒಳ್ಳೆಯ ಮೇಷ್ಟ್ರು ದಿನವೂ ಮಾಡುವ ಕೆಲಸ. ಅದನ್ನು ನಾವು ವಹಿ ಮಾಡಿದೆವು, ವಹಿಗೆ ಉಪವಹಿ ಮಾಡಿದೆವು. ಸ್ಲೇಟು ನೋಡಬೇಕಾದ ಕಣ್ಣು ಮೊಬೈಲು ನೋಡುತ್ತಿದೆ. ಎರಡು ಕೋಣೆ, ಐದು ತರಗತಿ, ಇಬ್ಬರೇ ಮೇಷ್ಟ್ರು ಇರುವ ಶಾಲೆಯಲ್ಲಿ ಒಬ್ಬರು ಸಭೆಗೆ ಹೋದರೆ ಯಾರು ಯಾರನ್ನು ನಿರಂತರವಾಗಿ, ವ್ಯಾಪಕವಾಗಿ ಗಮನಿಸುವುದು?

ಇಲ್ಲಿಗೆ ಅಧಿಕರಣಗಳ ಲೆಕ್ಕ ಬಿಡುತ್ತೇನೆ, ತಮಾಷೆ ಸಾಕು. 2024ರ ಮಾರ್ಚ್‌ನಲ್ಲಿ 5, 8, 9ನೇ ತರಗತಿಯ ಮಕ್ಕಳನ್ನು ಮಂಡಳಿ ಪರೀಕ್ಷೆಗೆ ಕೂರಿಸಿದರು. ಕೋರ್ಟ್ ಆದೇಶದಿಂದ ಪರೀಕ್ಷೆ ನಡುವೆಯೇ ನಿಂತಿತು, ಇನ್ನೊಂದು ಆದೇಶದಿಂದ ಮತ್ತೆ ಶುರುವಾಯಿತು. ಬರೆದು ಮುಗಿಸಿದ ಮೇಲೆ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಹತ್ತು ವರ್ಷದ ಮಗು ‘ಸಾ, ನಾನು ಪಾಸಾ?’ ಎಂದು ಕೇಳಿದರೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ. ಅದೇ ವರ್ಷ ಎಸ್ಸೆಸ್ಸೆಲ್ಸಿ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ ಕಣ್ಣು ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. ಎಂಟು ವರ್ಷ ಬಿ, ಬಿ ಪ್ಲಸ್ ಎಂದು ಬರೆದುಕೊಂಡು ಬಂದದ್ದು ಕ್ಯಾಮೆರಾ ಮುಂದೆ ನಿಲ್ಲಲಿಲ್ಲ. ಬೈಸಿಕೊಂಡವರು ಮಾತ್ರ ಮಕ್ಕಳು.

ಮುಂದಿನ ಸುತ್ತೋಲೆ ಬರೆಯುವವರಲ್ಲಿ ಒಂದು ಬಿನ್ನಹ. ಬರೆಯುವ ಮೊದಲು ಈ ಕಡೆಯ ಯಾವುದಾದರೂ ಶಾಲೆಗೆ ಹೇಳದೆ ಕೇಳದೆ ಬನ್ನಿ. ಸ್ವಾಗತಗೀತೆ, ಶಾಲು ಯಾವುದೂ ಬೇಡ. ಐದನೇ ತರಗತಿಯ ಹಿಂದಿನ ಸಾಲಿನ ಮಗುವಿನ ಪಕ್ಕ ನೆಲದ ಮೇಲೆ ಕೂತು, ಮೂರನೇ ತರಗತಿಯ ಕನ್ನಡ ಪುಸ್ತಕದ ಒಂದು ಪುಟ ಓದಿಸಿ. ಓದಿದರೆ ನಮ್ಮ ವಹಿಗಳಿಗೆ ಕಣ್ಣುಮುಚ್ಚಿ ರುಜು ಹಾಕಿ. ಓದದಿದ್ದರೆ ಹೊಸ ನಮೂನೆ ಕಳಿಸಬೇಡಿ, ಖಾಲಿ ಬಿದ್ದಿರುವ ಹುದ್ದೆಗೆ ಒಬ್ಬ ಮೇಷ್ಟ್ರನ್ನು ಕಳಿಸಿ.